ನೂರ ಹನ್ನೆರಡನೇ ಪುಟ

ತಾಳಗುಪ್ಪದ ಬೆಳಗಿನ ಗಾಡಿ, ಹಿಂದಿನಿಂದ ಎರಡನೇ ಬೋಗಿ.
ಪಾಸಿನವರ ಜಾಗ ಅಂತ ಯಾರೂ ಬರೆದಿಲ್ಲ,
ಆದರೂ ಆ ಮೂಲೆ ನಮ್ಮದೇ.
ಕುಂಸಿ ಬರುವಷ್ಟರಲ್ಲಿ ಚೀಲಗಳಿಂದ ಪುಸ್ತಕ ಹೊರಡುತ್ತವೆ,
ಉಳಿದವರ ಚೀಲದಿಂದ ಚಕ್ಕುಲಿ ಹೊರಟ ಹಾಗೆ.

ನಸೀಮಾ ಟೀಚರು ಕಥೆ ಹೇಳುವುದೇ ಕೊನೆಯಿಂದ:
"ಅವಳು ಸಾಯ್ತಾಳೆ, ಆದ್ರೂ ಓದಿ."
ಅಂಚೆಯ ಪ್ರಾಣೇಶನಿಗೆ ಎಲ್ಲ ಪುಸ್ತಕವೂ ಅದ್ಭುತ,
ಹಾಗಾಗಿ ಅವನ ಮಾತು ನಂಬಿ ಯಾರೂ ಓದುವುದಿಲ್ಲ.
ಚೌಡಪ್ಪನವರು ಮಾತ್ರ ಏನೂ ಹೇಳುವುದಿಲ್ಲ,
ಕೊಡುತ್ತಾರೆ, ಕಿಟಕಿ ನೋಡುತ್ತಾರೆ.
ಮೂವತ್ತೊಂದು ವರ್ಷ ಇದೇ ಹಳಿ ಕಾದವರು,
ದಿನಾ ಎಂಟು ಕಿಲೋಮೀಟರು, ಹೆಗಲ ಮೇಲೆ ಸುತ್ತಿಗೆ.
ನಿವೃತ್ತಿಯಾದ ಮೇಲೂ ಗಾಡಿ ಬಿಡಲಿಲ್ಲ:
"ಕೂತು ಹೋದ್ರೆ ಹೆಂಗಿರ್ತದೆ ನೋಡ್ಬೇಕಿತ್ತು."

ಅವರಿಗೆ ನಾನೊಂದು ಪುಸ್ತಕ ಕೊಟ್ಟೆ.
ಗಡಿಯಾರ ರಿಪೇರಿ ಮಾಡುವ ಹೆಂಗಸಿನ ಕಾದಂಬರಿ,
ಹತ್ತೊಂಬತ್ತರಲ್ಲಿ ಒಂದೇ ರಾತ್ರಿ ಓದಿ ಮುಗಿಸಿ
ಬೆಳಿಗ್ಗೆ ಎದ್ದು ಒಬ್ಬರಿಗೆ "ಇಲ್ಲ" ಅಂದಿದ್ದೆ.
ಯಾರಿಗೆ ಅನ್ನುವುದು ಇಲ್ಲಿ ಬೇಡ.

ಕೊಟ್ಟ ಮೇಲೆ ವಾರವಿಡೀ ಅವರ ಮುಖ ನೋಡಿದೆ,
ಪರೀಕ್ಷೆ ಬರೆದ ಹುಡುಗಿ
ಜವಾನನ ಕೈಯ ಪಟ್ಟಿ ನೋಡುವ ಹಾಗೆ.
ಎಂಟನೇ ದಿನ, ಆನಂದಪುರ ದಾಟಿದ ಮೇಲೆ,
ಪುಸ್ತಕ ವಾಪಸು ಬಂತು.
"ಚೆನ್ನಾಗಿದೆ."

ಚೆನ್ನಾಗಿದೆ!
ಸಾರು ಚೆನ್ನಾಗಿದೆ, ಸೀರೆ ಚೆನ್ನಾಗಿದೆ,
ಹುಡುಗ ಚೆನ್ನಾಗಿದ್ದಾನೆ, ನಾವು ತಿಳಿಸುತ್ತೇವೆ.
ಯಾರಿಗೂ ನೋವಾಗದ ಹಾಗೆ ಬಾಗಿಲು ಹಾಕಿಕೊಳ್ಳುವ ಮಾತು.

ಸಾಗರದ ಖಜಾನೆಯಲ್ಲಿ, ಮಧ್ಯಾಹ್ನ,
ಬುತ್ತಿಗಿಂತ ಮೊದಲು ಪುಸ್ತಕ ಬಿಚ್ಚಿದೆ.
ನೂರ ಹನ್ನೆರಡನೇ ಪುಟದಲ್ಲಿ ರೇಷನ್ ಅಂಗಡಿಯ ಚೀಟಿ,
ಅಕ್ಕಿ ಹತ್ತು ಕೆಜಿ.
ಅಲ್ಲಿಗೇ ನಿಂತಿದ್ದಾರೆ ಪುಣ್ಯಾತ್ಮ.
ಅವಳು ಆ ಗಡಿಯಾರ ಬಿಚ್ಚುವುದು ನೂರ ಹದಿನಾಲ್ಕರಲ್ಲಿ!
ಒಂದು, ಒಂದೇ ಹಾಳೆ ಮಗುಚಬೇಕಿತ್ತು.

ಸಿಟ್ಟು ಹೊತ್ತುಕೊಂಡೇ ದುರ್ಗಿಗುಡಿಯ ಮನೆ ಸೇರಿದೆ.
ಬೀಗದಕೈ ಮೇಜಿನ ಮೇಲೆ ಎಸೆದೆ, ಮೇಜು ಅಲುಗಲಿಲ್ಲ.
ಯಾಕೆ ಅಲುಗೀತು,
ಕುಂಟು ಕಾಲಿನ ಕೆಳಗೆ ಚೌಡಪ್ಪನವರ ಪುಸ್ತಕವಿತ್ತು.
ದಸರೆಗೆ ಮೊದಲು ಕೊಟ್ಟದ್ದು. ಬಾವಿ ತೋಡುವವರ ಬಗ್ಗೆ,
ಆರು ನೂರು ಪುಟ.
"ಓದ್ತಾ ಇದೀನಿ, ಚೆನ್ನಾಗಿದೆ" ಅಂತ
ನಾನೂ ಎರಡು ಸಲ ಹೇಳಿದ್ದೆ.

ಎಳೆದು ತೆಗೆದೆ. ಮೇಜು ವಾಲಿತು.
ಹದಿನೇಳನೇ ಪುಟದ ಅಂಚಿನಲ್ಲಿ ಪೆನ್ಸಿಲು:
"ಹೊಸ ಹಳಿ. ವೇಗ ಇಪ್ಪತ್ತು."
ಇಪ್ಪತ್ತೊಂಬತ್ತರಲ್ಲಿ: "ಏರು ಶುರು. ದಮ್ಮು ಹಿಡಿ."
ಆಮೇಲೆ ತುಂಬ ದೂರ ಏನೂ ಇಲ್ಲ,
ಬರೀ ಮಣ್ಣು, ಬರೀ ಕಲ್ಲು, ಗುದ್ದಲಿಯ ಲೆಕ್ಕ.
ನಲವತ್ತೊಂದರಲ್ಲಿ, ತಳದ ಕಲ್ಲಿನ ಬಿರುಕಿನಲ್ಲಿ
ಮೊದಲ ತೇವ ಕಂಡ ಸಾಲಿನ ಪಕ್ಕ,
"ಫ್ಲೇವಿಯಮ್ಮಾ, ಇಲ್ಲಿ ಸೀಟಿ ಹಾಕು."

ರಾತ್ರಿ ಹನ್ನೊಂದೂವರೆ. ಅಡುಗೆಮನೆಯಲ್ಲಿ ನಿಂತು ಹಾಕಿದೆ.
ಬಾರದ ಸೀಟಿ, ಗಾಳಿಯೇ ಹೆಚ್ಚು.
ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು.

ಮಾರನೇ ದಿನ ಗಾಡಿ ಹತ್ತಿ, ಕೂರುವ ಮೊದಲೇ
"ನಲವತ್ತೊಂದು" ಅಂದೆ.
ಅವರು ಕಿಟಕಿಯಿಂದ ತಿರುಗಿದರು. ತಡವಾಗಿ, ಮೆಲ್ಲಗೆ:
"ನೂರ ಹನ್ನೆರಡು."
"ಯಾಕೆ ನಿಂತ್ರಿ?"
"ಅವಳು ಅದನ್ನ ಬಿಚ್ತಾಳೆ ಅಂತ ಗೊತ್ತಾತು.
ನಮ್ಮನೇಲೂ ಒಂದು ನಿಂತದೆ, ಆಕೆ ಹೋದಾಗಿಂದ.
ನಾನು ಕೀಲಿ ಕೊಟ್ಟಿಲ್ಲ."

ಕೊನೆ ಹೇಳಲು ನಸೀಮಾ ಟೀಚರು ಬಾಯಿ ತೆರೆದರು.
ಪ್ರಾಣೇಶ, ಜೀವಮಾನದಲ್ಲಿ ಒಮ್ಮೆ ಸರಿಯಾದ ಹೊತ್ತಿಗೆ,
ಅವರ ಕೈಗೆ ಚಕ್ಕುಲಿ ಇಟ್ಟ.

ನಾನು ಅವರ ಜೇಬಿನ ಪೆನ್ಸಿಲು ಕೇಳಿ ತೆಗೆದುಕೊಂಡೆ.
ರೇಷನ್ ಚೀಟಿ ಇದ್ದಲ್ಲೇ ಇತ್ತು.
ನೂರ ಹನ್ನೆರಡನೇ ಪುಟದ ಕೆಳಗೆ ಬರೆದೆ:
"ನಿಲುಗಡೆ. ಎಷ್ಟು ಹೊತ್ತಾದರೂ."
ಗಾಡಿ ಅಲುಗಿ ಗಕಾರ ಸೊಟ್ಟಗಾಯಿತು.
ಅವರು ಕನ್ನಡಕ ಏರಿಸಿ, ಅದನ್ನೂ ಓದಿದರು.